ಕೊಣಾಜೆಯ ಮಹಾಸಭೆ ಯಾವಾಗ?

ಪ್ರಶ್ನೆ: ನಾನು ಕಾಪು ತಾಲೂಕಿನವನು. ಊರಿನ ಹಾಲಿನ ಸೊಸೈಟಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸದಸ್ಯ. ಪ್ರತಿವರ್ಷ ಮಹಾಸಭೆಯಲ್ಲಿ ಲೆಕ್ಕ ಓದುತ್ತಾರೆ. ಪಶು ಆಹಾರದ ಬಾಬ್ತಿನಲ್ಲಿ ನೂರು ರೂಪಾಯಿ ಹೆಚ್ಚುಕಮ್ಮಿಯಾದರೂ ನಾವು ಎದ್ದು ನಿಂತು ಕೇಳುತ್ತೇವೆ. ನನ್ನ ಮಗಳು ಕಾರ್ಕಳದಲ್ಲಿ ಬಿ.ಕಾಂ. ಓದುತ್ತಿದ್ದಾಳೆ, ಅಣ್ಣನ ಮಗ ಮಣಿಪಾಲದಲ್ಲಿದ್ದಾನೆ. ಮಗಳ ವಿಶ್ವವಿದ್ಯಾಲಯ ಸರಕಾರದ್ದು, ಅಂದರೆ ನಮ್ಮೆಲ್ಲರದ್ದು ಎನ್ನುತ್ತಾರೆ. ಹಾಗಾದರೆ ಅದರ ಮಹಾಸಭೆ ಯಾವಾಗ? ಅಲ್ಲಿಯ ಲೆಕ್ಕವನ್ನು ಯಾರು, ಯಾರಿಗೆ ಒಪ್ಪಿಸುತ್ತಾರೆ? ಸರಿಯಿಲ್ಲದಿದ್ದರೆ ಸರಿಮಾಡಿಸುವ ದಾರಿ ಉಂಟೇ?
— ಒಬ್ಬ ಓದುಗ, ಕಾಪು

ಉತ್ತರ: ಮಹಾಸಭೆ ಇಲ್ಲ. ಒಂದು ಕಾಲದಲ್ಲಿ ಅದಕ್ಕೆ ಹತ್ತಿರದ್ದೊಂದು ಇತ್ತು, ತೆಗೆದುಹಾಕಿದರು. ನಿಮ್ಮ ಪ್ರಶ್ನೆಯನ್ನು ಓದಿದ ಮೇಲೆ ನಾನು ಒಂದೆರಡು ದಿನ ಅದನ್ನೇ ತಿರುವಿ ಹಾಕಿದೆ. ವಿಶ್ವವಿದ್ಯಾಲಯಗಳ ಆಡಳಿತದ ಬಗ್ಗೆ ವಿದ್ವಾಂಸರು ಬರೆದದ್ದು ಬೇಕಾದಷ್ಟಿದೆ. ಹಾಲಿನ ಸೊಸೈಟಿಯ ಅಂಗಳದಿಂದ ನೋಡಿದರೆ ಅದು ಹೇಗೆ ಕಾಣುತ್ತದೆ ಎಂದು ಕೇಳಿದವರು ಕಡಿಮೆ.

ಮೊದಲು ಮನೆಯ ಪಟ್ಟಾ ಯಾರ ಹೆಸರಿನಲ್ಲಿದೆ ಎಂದು ನೋಡೋಣ. ನಿಮ್ಮ ಮಗಳ ಪದವಿಗೆ ಮೊಹರು ಹಾಕುವುದು ಮಂಗಳೂರು ವಿಶ್ವವಿದ್ಯಾಲಯ. 1968ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಕೊಣಾಜೆಯ ಗುಡ್ಡದ ಮೇಲೆ ಶುರುವಾಗಿ, 1980ರ ಸೆಪ್ಟೆಂಬರ್ 10ರಂದು ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಇತಿಹಾಸಕಾರ ಬಿ. ಶೇಕ್ ಅಲಿ ಮೊದಲ ಕುಲಪತಿ. ಅದಕ್ಕೆ ಮುಂಚೆ ನಮ್ಮ ಜಿಲ್ಲೆಯ ಮಕ್ಕಳ ಪದವಿ ಊರೂರು ಸುತ್ತಿದೆ. 1949ರಲ್ಲಿ ಉಡುಪಿಯಲ್ಲಿ ಎಂ.ಜಿ.ಎಂ. ಕಾಲೇಜು ತೆರೆದಾಗ ನಾವು ಮದರಾಸು ಪ್ರಾಂತ್ಯದವರು, ಪದವಿಯೂ ಮದರಾಸಿನದೇ. ರಾಜ್ಯ ಒಂದಾದ ಮೇಲೆ ಕಣ್ಣು ಮೈಸೂರಿನ ಕಡೆ ತಿರುಗಿತು. ಅಂಕಪಟ್ಟಿಯಲ್ಲಿ ತಂದೆಯ ಹೆಸರು ತಪ್ಪಾದರೆ ಘಟ್ಟ ಹತ್ತಿ ಹೋಗಬೇಕಿತ್ತು. ‘ನಮಗೆ ನಮ್ಮದೇ ವಿಶ್ವವಿದ್ಯಾಲಯ ಬೇಕು’ ಎಂಬ ಬೇಡಿಕೆಯ ಬೆನ್ನಿಗೆ ಈ ಸುಸ್ತೂ ಇತ್ತು. ಕೊಣಾಜೆ ಬಂತು, ದೂರ ಕಡಿಮೆಯಾಯಿತು. ಆದರೆ ಹತ್ತಿರ ಬಂದದ್ದು ಕಚೇರಿ. ಹತೋಟಿ ಹತ್ತಿರ ಬರಲಿಲ್ಲ.

ಈಗ ನಡೆಯುತ್ತಿರುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ದ ಪ್ರಕಾರ. ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಹಕುಲಾಧಿಪತಿ. ಕುಲಪತಿಯವರ ಅವಧಿ ನಾಲ್ಕು ವರ್ಷ. ಕುಲಸಚಿವರು ಇಬ್ಬರು, ಒಬ್ಬರು ಆಡಳಿತಕ್ಕೆ, ಇನ್ನೊಬ್ಬರು ಪರೀಕ್ಷೆಗೆ. ಹಣದ ಚೀಲಕ್ಕೆ ಹಣಕಾಸು ಅಧಿಕಾರಿ. ಪಾಠಪಟ್ಟಿಯನ್ನು ನೋಡಿಕೊಳ್ಳುವುದು ವಿದ್ಯಾವಿಷಯಕ ಪರಿಷತ್ತು. ಉಳಿದ ಬಹುಪಾಲು ತೀರ್ಮಾನಗಳೆಲ್ಲ ಸಿಂಡಿಕೇಟ್ ಎಂಬ ಸಣ್ಣ ಸಭೆಯಲ್ಲಿ.

ಉಡುಪಿಯಲ್ಲಿ ‘ಸಿಂಡಿಕೇಟ್’ ಎಂದರೆ ಹಿರಿಯರ ಮನಸ್ಸಿಗೆ ಬರುವುದು ಬ್ಯಾಂಕ್. 1925ರಲ್ಲಿ ಇಲ್ಲಿ ಹುಟ್ಟಿ, ಮನೆಮನೆಗೆ ಬಂದು ಪಿಗ್ಮಿ ಕಟ್ಟಿಸಿಕೊಂಡು, ಪುಸ್ತಕದಲ್ಲಿ ಅಲ್ಲೇ ಬರೆದುಕೊಟ್ಟು ಹೋಗುತ್ತಿದ್ದ ಬ್ಯಾಂಕ್. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಎರಡಾಣೆ ಕೊಟ್ಟ ಮೀನುಗಾರ ಹೆಂಗಸಿಗೂ ತನ್ನ ಲೆಕ್ಕ ತನ್ನ ಕೈಯಲ್ಲಿರುವ ಪುಸ್ತಕದಲ್ಲೇ ಕಾಣುತ್ತಿತ್ತು. ವಿಶ್ವವಿದ್ಯಾಲಯದ ಸಿಂಡಿಕೇಟಿಗೆ ಆ ಅಭ್ಯಾಸವಿಲ್ಲ. ಅದರಲ್ಲಿ ಕುಲಪತಿ, ಇಲಾಖೆಯ ಅಧಿಕಾರಿ, ಸರಕಾರ ನೇಮಿಸಿದವರು, ರಾಜ್ಯಪಾಲರು ನೇಮಿಸಿದವರು, ಸರದಿಯಂತೆ ಕೆಲವು ಡೀನರು ಮತ್ತು ಪ್ರಾಂಶುಪಾಲರು ಕೂರುತ್ತಾರೆ. ಬೆಂಗಳೂರಿನಲ್ಲಿ ಸರಕಾರ ಬದಲಾದರೆ ಸರಕಾರಿ ನಾಮನಿರ್ದೇಶಿತರೂ ಬದಲಾಗುವುದು ಎಲ್ಲರೂ ನೋಡಿರುವ ಪದ್ಧತಿ. ವಿದ್ಯಾರ್ಥಿಗಳು ಆರಿಸಿ ಕಳಿಸಿದವರು ಅಲ್ಲಿಲ್ಲ. ಹಳೆಯ ಪದವೀಧರರು ಆರಿಸಿದವರೂ ಇಲ್ಲ.

ನಾನು ಹೇಳಿದ, ತೆಗೆದುಹಾಕಿದ ಮಹಾಸಭೆ ಎಂದರೆ ಸೆನೆಟ್. 1976ರ ಕಾಯ್ದೆಯಲ್ಲಿ ಅದಿತ್ತು. 2000ದ ಕಾಯ್ದೆಯ ಪ್ರಾಧಿಕಾರಗಳ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಸೆನೆಟ್ ಎಂದರೆ ಗದ್ದಲ, ಜಾತಿ ಲೆಕ್ಕಾಚಾರ, ಭಾಷಣಪ್ರಿಯರ ಸಂತೆ ಎಂದು ದೂರುವವರು ಆಗಲೂ ಇದ್ದರು, ಅವರ ಮಾತಿನಲ್ಲಿ ಸತ್ಯವೂ ಇತ್ತು. ಆದರೆ ನಿಮ್ಮ ಸೊಸೈಟಿಯ ಮಹಾಸಭೆಯೇನು ಮೌನವ್ರತವೇ? ಗದ್ದಲವಾಗುತ್ತದೆಂದು ಮಹಾಸಭೆಯನ್ನೇ ರದ್ದುಮಾಡಿ ಆಡಳಿತ ಮಂಡಳಿಯೇ ಸಾಕು ಎಂದರೆ ನೀವು ಒಪ್ಪುತ್ತೀರಾ? ವಿಶ್ವವಿದ್ಯಾಲಯದ ವಿಷಯದಲ್ಲಿ ನಾವೆಲ್ಲ ತೆಪ್ಪಗೆ ಒಪ್ಪಿಕೊಂಡೆವು.

ಹಾಗೆಂದು ಲೆಕ್ಕವೇ ಒಪ್ಪಿಸುವುದಿಲ್ಲ ಎಂದಲ್ಲ. ಸರಕಾರದ ಲೆಕ್ಕ ತನಿಖೆಯವರು ಬರುತ್ತಾರೆ, ಆಕ್ಷೇಪ ಬರೆಯುತ್ತಾರೆ. ವಾರ್ಷಿಕ ವರದಿ ವಿಧಾನಮಂಡಲಕ್ಕೆ ಹೋಗುತ್ತದೆ. ಯುಜಿಸಿಗೆ ಕಾಗದ ಹೋಗುತ್ತದೆ, ನ್ಯಾಕ್ ತಂಡ ಬಂದಾಗ ಗೋಡೆಗೆ ಬಣ್ಣ ಬೀಳುತ್ತದೆ. ರಾಜಭವನಕ್ಕೆ, ಸಚಿವಾಲಯಕ್ಕೆ, ದೆಹಲಿಗೆ ದಿನವೂ ಉತ್ತರ ಬರೆದೂ ಬರೆದೂ ಸಿಬ್ಬಂದಿಯ ಕೈ ಸೋತಿರುತ್ತದೆ. ನಮ್ಮ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಯಜಮಾನರ ಕೊರತೆಯಿಲ್ಲ, ಇರುವುದು ಹೆಚ್ಚಾಗಿಯೇ. ಆದರೆ ಅವರೆಲ್ಲ ಮೇಲಿನವರು. ಉತ್ತರ ಹೊಗೆಯ ಹಾಗೆ ಮೇಲಕ್ಕೇ ಹೋಗುತ್ತದೆ. ಒಲೆಯ ಮುಂದೆ ಕೂತ ನಿಮ್ಮ ಮಗಳಿಗೆ, ಅವಳ ಉಪನ್ಯಾಸಕರಿಗೆ, ಶುಲ್ಕ ಕಟ್ಟಿದ ನಿಮಗೆ ಉಳಿಯುವುದು ಕಣ್ಣುರಿ.

ಬಹಳ ಹಿಂದೆ ನಾನೊಮ್ಮೆ ಸಂಬಂಧಿಕರ ಅಂಕಪಟ್ಟಿಯ ತಿದ್ದುಪಡಿಗಾಗಿ ಒಂದು ವಿಶ್ವವಿದ್ಯಾಲಯದ ಕಚೇರಿಗೆ ಹೋಗಿದ್ದೆ. ಯಾವುದೆಂದು ಹೇಳುವುದಿಲ್ಲ, ಯಾವುದಾದರೂ ಆಗಬಹುದು. ಮೂರು ಕಿಟಕಿಗಳಲ್ಲಿ ಮೂರು ಜನ ಅತ್ಯಂತ ಮರ್ಯಾದೆಯಿಂದ ‘ಇಲ್ಲಿ ಅಲ್ಲ’ ಎಂದರು. ಎಲ್ಲಿ ಎಂದು ಕೇಳಿದ್ದಕ್ಕೆ ನಾಲ್ಕನೆಯವರು, ‘ಸಾಹೇಬರು ಬೆಂಗಳೂರಿಗೆ ಮೀಟಿಂಗಿಗೆ ಹೋಗಿದ್ದಾರೆ’ ಎಂದರು. ಯಾರೂ ಕೆಟ್ಟವರಾಗಿರಲಿಲ್ಲ. ನನಗೆ ಉತ್ತರ ಕೊಡಬೇಕಾದ ಹೊಣೆ ಯಾರದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ಇದಕ್ಕಿಂತ ಮುಖ್ಯವಾದ ಒಂದು ರೋಗವಿದೆ. ಅದನ್ನು ಉಡುಪಿಯ ಮಾತಿನಲ್ಲೇ ಹೇಳಬೇಕು. ಕೃಷ್ಣಮಠದ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಕೈಬದಲಾಗುತ್ತದೆ. ಸರ್ವಜ್ಞ ಪೀಠ ಏರುವವರು ಯಾರೆಂದು ಮೊದಲೇ ಗೊತ್ತು. ವರ್ಷಕ್ಕೆ ಮುಂಚೆಯೇ ಬಾಳೆ ಮುಹೂರ್ತ, ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು. ಎರಡು ವರ್ಷ ಊಟ ಬಡಿಸಬೇಕಾದವರು ಎಲೆಯಿಂದ ಶುರುಮಾಡಿ ಕಟ್ಟಿಗೆವರೆಗೂ ಮೊದಲೇ ಹೊಂದಿಸಿಕೊಳ್ಳುತ್ತಾರೆ. ಪ್ರಭಾರ ಪರ್ಯಾಯ ಎಂಬ ಮಾತನ್ನು ಯಾರಾದರೂ ಕೇಳಿದ್ದುಂಟೇ?

ಕೊಣಾಜೆಯಲ್ಲಿ ಕೇಳಿದ್ದೇವೆ. 2018ರ ಜೂನ್‌ನಲ್ಲಿ ಕೆ. ಬೈರಪ್ಪ ಅವರ ಅವಧಿ ಮುಗಿಯಿತು. ಪಿ. ಸುಬ್ರಹ್ಮಣ್ಯ ಯಡಪಡಿತ್ತಾಯ ಅವರು ಕುಲಪತಿಯಾಗಿ ಬಂದದ್ದು 2019ರ ಜೂನ್‌ನಲ್ಲಿ. ನಡುವಿನ ಸುಮಾರು ಒಂದು ವರ್ಷ ಹಿರಿಯ ಪ್ರಾಧ್ಯಾಪಕರು ಒಬ್ಬರಾದ ಮೇಲೊಬ್ಬರು ಪ್ರಭಾರದಲ್ಲಿ ಕೂತರು. 2023ರ ಜೂನ್‌ನಲ್ಲಿ ಯಡಪಡಿತ್ತಾಯರ ಅವಧಿಯೂ ಮುಗಿಯಿತು. ಪಿ.ಎಲ್. ಧರ್ಮ ಅವರು ಅಧಿಕಾರ ಹಿಡಿದದ್ದು 2024ರ ಮಾರ್ಚ್‌ನಲ್ಲಿ. ಮತ್ತೆ ಒಂಬತ್ತು ತಿಂಗಳು ಪ್ರಭಾರ. ಎರಡು ಸಲವೂ ಕುರ್ಚಿ ಖಾಲಿಯಾಗುವ ದಿನ ನಾಲ್ಕು ವರ್ಷ ಮೊದಲೇ ಕ್ಯಾಲೆಂಡರಿನಲ್ಲಿತ್ತು. ಇದು ಮಂಗಳೂರಿನದೇ ಹಣೆಬರಹ ಎಂದುಕೊಳ್ಳಬೇಡಿ, ರಾಜ್ಯದ ಬೇರೆ ವಿಶ್ವವಿದ್ಯಾಲಯಗಳೂ ಇದೇ ಪಾಡು ಪಟ್ಟಿವೆ.

ಪ್ರಭಾರದಲ್ಲಿ ಕೂತವರು ಎಷ್ಟೇ ಒಳ್ಳೆಯವರಾದರೂ ದೊಡ್ಡ ತೀರ್ಮಾನಕ್ಕೆ ಕೈಹಾಕಲು ಹಿಂಜರಿಯುತ್ತಾರೆ. ನಾಳೆ ಬರುವವರು ಏನೆನ್ನುತ್ತಾರೋ ಎಂಬ ಅಳುಕು. ನೇಮಕಾತಿ ನಿಲ್ಲುತ್ತದೆ, ಕಡತ ನಿಲ್ಲುತ್ತದೆ. ಯಾವ ತಪ್ಪಿಗೂ ಆಮೇಲೆ ಇಂಥವರ ಕಾಲದಲ್ಲಿ ಆಯಿತು ಎಂದು ಬೊಟ್ಟು ಮಾಡುವಂತಿಲ್ಲ. ಹೊಣೆಗಾರಿಕೆ ಬೇಕಾದರೆ ಮೊದಲು ಹೊಣೆ ಹೊತ್ತವರೊಬ್ಬರು ಇರಬೇಕಲ್ಲ.

ಆಯ್ಕೆ ಹೇಗೆ ನಡೆಯುತ್ತದೆ? ಶೋಧನಾ ಸಮಿತಿಯಲ್ಲಿ ರಾಜ್ಯಪಾಲರ ಕಡೆಯವರು, ಸರಕಾರದ ಕಡೆಯವರು, ಯುಜಿಸಿಯವರು, ಸಿಂಡಿಕೇಟಿನವರು ಇರುತ್ತಾರೆ. ಅವರು ಹೆಸರುಗಳ ಪಟ್ಟಿ ಕೊಡುತ್ತಾರೆ. ಅದು ಸರಕಾರದ ಮೂಲಕ ರಾಜಭವನಕ್ಕೆ ಹೋಗುತ್ತದೆ. ರಾಜ್ಯಪಾಲರು ಸರಕಾರದ ಸಹಮತಿ ಪಡೆದು ಒಬ್ಬರನ್ನು ನೇಮಿಸುತ್ತಾರೆ. ಒಂದು ಬೀಗಕ್ಕೆ ಎರಡು ಬೀಗದ ಕೈ. ಇಬ್ಬರೂ ಒಂದೇ ಮನಸ್ಸಿನವರಾದರೆ ಬಾಗಿಲು ತೆರೆಯುತ್ತದೆ. ದೆಹಲಿಯಲ್ಲಿ ಒಂದು ಪಕ್ಷ, ಬೆಂಗಳೂರಿನಲ್ಲಿ ಇನ್ನೊಂದು ಪಕ್ಷ ಇದ್ದಾಗ ಕಡತ ಹೊಸ್ತಿಲ ಮೇಲೆ ಕೂರುತ್ತದೆ.

ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬ ಜಗಳ ಈಗ ಜೋರಾಗಿದೆ. 2024ರ ಡಿಸೆಂಬರ್‌ನಲ್ಲಿ ಕರ್ನಾಟಕದ ವಿಧಾನಮಂಡಲ, ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯೇ ಕುಲಾಧಿಪತಿ ಎನ್ನುವ ಮಸೂದೆಯನ್ನು ಅಂಗೀಕರಿಸಿತು. ಮರುತಿಂಗಳೇ, 2025ರ ಜನವರಿಯಲ್ಲಿ, ಯುಜಿಸಿ ಹೊಸ ನಿಯಮಗಳ ಕರಡು ಹೊರಡಿಸಿ ಕುಲಪತಿ ಶೋಧನಾ ಸಮಿತಿಯಲ್ಲಿ ರಾಜ್ಯ ಸರಕಾರದ ಪ್ರತಿನಿಧಿಯೇ ಇಲ್ಲದಂತೆ ಮಾಡಲು ಹೊರಟಿತು. ಫೆಬ್ರವರಿಯಲ್ಲಿ ಹಲವು ರಾಜ್ಯಗಳ ಸಚಿವರು ಬೆಂಗಳೂರಿನಲ್ಲಿ ಸೇರಿ ವಿರೋಧಿಸಿದರು. ಎರಡೂ ಕಡೆಯವರ ವಾದಗಳನ್ನು ಓದಿದೆ. ಒಕ್ಕೂಟ ವ್ಯವಸ್ಥೆ, ಸಂವಿಧಾನ, ಗುಣಮಟ್ಟ, ಎಲ್ಲ ಬಂದವು. ಕಾರ್ಕಳದ ಬಿ.ಕಾಂ. ಹುಡುಗಿಗೆ ಕುಲಪತಿ ಉತ್ತರ ಕೊಡುವುದು ಹೇಗೆ ಎನ್ನುವುದು ಬರಲಿಲ್ಲ. ರಾಜ್ಯದ ಪಾಲನ್ನೇ ಕಿತ್ತುಹಾಕುವುದು ನನಗೆ ಸರಿಕಾಣುವುದಿಲ್ಲ, ಸಂಬಳ ಕೊಡುವುದು ರಾಜ್ಯವೇ. ಆದರೆ ಮುಖ್ಯಮಂತ್ರಿ ಕುಲಾಧಿಪತಿಯಾದ ಕೂಡಲೇ ನಿಮ್ಮ ಮಹಾಸಭೆ ಬರುತ್ತದೆ ಎಂದೂ ನನಗೆ ನಂಬಿಕೆಯಿಲ್ಲ.

ತಲಪಾಡಿ ದಾಟಿ ಕೇರಳದ ಕಡೆ ನೋಡಿದರೆ ಪಾಠ ಸಿಗುತ್ತದೆ. ಕಾಸರಗೋಡಿನ ಕನ್ನಡದ ಮಕ್ಕಳು ಓದುವ ಅಲ್ಲಿನ ಸರಕಾರಿ ಕಾಲೇಜು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದು. 1996ರಲ್ಲಿ ಹುಟ್ಟಿದ ಆ ವಿಶ್ವವಿದ್ಯಾಲಯಕ್ಕೆ ಸೆನೆಟ್ ಇದೆ, ಚುನಾಯಿತ ಸದಸ್ಯರಿದ್ದಾರೆ, ಅವರಲ್ಲಿ ವಿದ್ಯಾರ್ಥಿಗಳೂ ಇದ್ದಾರೆ. ಇಲ್ಲಿ ನಮ್ಮ ಮಕ್ಕಳಿಗೆ ಸೆನೆಟ್ಟೇ ಇಲ್ಲ. ಹಾಗಾದರೆ ಕಣ್ಣೂರು ಸ್ವರ್ಗವೇ? ಅದೂ ಅಲ್ಲ. 2023ರ ನವೆಂಬರ್ 30ರಂದು ಸುಪ್ರೀಂ ಕೋರ್ಟು ಅಲ್ಲಿನ ಕುಲಪತಿಯ ಮರುನೇಮಕವನ್ನೇ ರದ್ದುಮಾಡಿತು, ಸರಕಾರ ಅದರಲ್ಲಿ ಸಲ್ಲದ ಹಸ್ತಕ್ಷೇಪ ಮಾಡಿದೆ ಎಂಬ ಕಾರಣಕ್ಕೆ. ಸೆನೆಟ್ ಇದ್ದೂ ಹೀಗಾಯಿತು. ಆದರೂ ಒಂದು ವ್ಯತ್ಯಾಸ ಉಂಟು. ಅಲ್ಲಿ ಹುಡುಗರು ಸಭೆಯ ಒಳಗೇ ಎದ್ದು ಕೇಳುತ್ತಾರೆ, ಇಲ್ಲಿ ಗೇಟಿನ ಹೊರಗೆ ಬಿಸಿಲಲ್ಲಿ ನಿಂತು ಕೂಗಬೇಕು. ದೂರದ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಸಭೆಗಳು ಕಾನೂನಿನ ಪ್ರಕಾರವೇ ಸಾರ್ವಜನಿಕರಿಗೆ ತೆರೆದಿರುತ್ತವೆ, ಊರವರು ಮಾತಾಡಲು ಸಮಯ ಮೀಸಲಿಡುತ್ತಾರೆ, ಒಬ್ಬ ವಿದ್ಯಾರ್ಥಿಗೆ ಮತ ಹಾಕುವ ಹಕ್ಕಿನ ಸ್ಥಾನವೂ ಇದೆ. ಅಲ್ಲಿಯೂ ಶುಲ್ಕ ಏರುತ್ತದೆ, ಜಗಳ ಆಗುತ್ತದೆ. ಮುಚ್ಚಿದ ಬಾಗಿಲ ಹಿಂದೆ ಆಗುವುದಿಲ್ಲ.

ಇನ್ನು ಹಣದ ಮಾತು. ನಿಮ್ಮ ತಾಲೂಕಿನ ಬಂಟಕಲ್ಲಿನಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಅದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಕಾರ್ಕಳ ತಾಲೂಕಿನ ನಿಟ್ಟೆ ಕಾಲೇಜೂ ಮೊದಲು ಅದರ ಅಡಿಯಲ್ಲೇ ಇತ್ತು. 1998ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯ ತನಗೆ ಆದಾಯ ತೆರಿಗೆಯ ವಿನಾಯಿತಿ ಬೇಕೆಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸರಕಾರದಿಂದ ಗಣನೀಯವಾಗಿ ಹಣ ಪಡೆಯುವ ಸಂಸ್ಥೆಗೆ ಆ ವಿನಾಯಿತಿ. 2016ರ ಏಪ್ರಿಲ್‌ನಲ್ಲಿ ಕೋರ್ಟು ಇಲ್ಲ ಎಂದಿತು. ಕಾರಣ ಕೇಳಿ: ಸರಕಾರ ನೇರವಾಗಿ ಕೊಟ್ಟ ಅನುದಾನ ಒಟ್ಟು ಆದಾಯದ ಶೇಕಡಾ 1ನ್ನು ಮೀರಿರಲಿಲ್ಲ. ಉಳಿದದ್ದು ಹೆಚ್ಚಾಗಿ ಮಕ್ಕಳ ಶುಲ್ಕ. ಹತ್ತು ವರ್ಷ ಚಿಲ್ಲರೆಯಲ್ಲಿ ಕೂಡಿಬಿದ್ದ ಮಿಗತೆ ಸುಮಾರು 500 ಕೋಟಿ ರೂಪಾಯಿ. ಹೆಸರು ಸರಕಾರದ್ದು, ದುಡ್ಡು ತಂದೆತಾಯಂದಿರದ್ದು. ಹಾಲು ಹಾಕುವವರು ನೀವು, ಬೋನಸ್ ಎಷ್ಟೆಂದು ನಿಶ್ಚಯಿಸುವ ಸಭೆಗೆ ನಿಮಗೇ ಆಹ್ವಾನವಿಲ್ಲ ಎಂದರೆ ಹೇಗಿರುತ್ತದೆ, ಯೋಚಿಸಿ.

ಮಂಗಳೂರು ವಿಶ್ವವಿದ್ಯಾಲಯದ್ದು ಇದಕ್ಕೆ ತದ್ವಿರುದ್ಧ ಕಷ್ಟ. ಅದರ ಖಜಾನೆ ಸೊರಗಿದೆ. ಸಂಯೋಜಿತ ಕಾಲೇಜುಗಳಿಂದ ಬರುವ ಶುಲ್ಕವೇ ಅದರ ಸ್ವಂತ ಆದಾಯದ ಬೆನ್ನೆಲುಬು. 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಬೇರೆಯಾಗಿ ಆ ಜಿಲ್ಲೆಯ ಕಾಲೇಜುಗಳು ಹೋದವು. 2024ರ ಆರಂಭದಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ನಿವೃತ್ತರ ಪಿಂಚಣಿಯ ಭಾರವನ್ನು ಸರಕಾರ ವಿಶ್ವವಿದ್ಯಾಲಯಗಳ ಹೆಗಲಿಗೇ ಸರಿಸುತ್ತ ಬಂದಿದೆ. ಕಾಯಂ ಹುದ್ದೆಗಳು ತುಂಬದೆ ಅತಿಥಿ ಉಪನ್ಯಾಸಕರು ತರಗತಿ ನಡೆಸುತ್ತಾರೆ, ಅವರ ಸಂಬಳ ಯಾವ ತಿಂಗಳು ಬರುತ್ತದೆ ಎಂಬುದು ಯಕ್ಷಪ್ರಶ್ನೆ. ಹೊಟ್ಟೆಗಿಲ್ಲದ ಸಂಸ್ಥೆಯನ್ನು ಹಿಡಿದು ಹೊಣೆಗಾರಿಕೆಯ ಉಪದೇಶ ಮಾಡುವುದು ಅನ್ಯಾಯ. ಆದರೆ ಇಲ್ಲಿಯೂ ಅದೇ ಪ್ರಶ್ನೆ ಹಿಂದಿರುಗಿ ಬರುತ್ತದೆ. ಕೆಲವೇ ವರ್ಷಗಳಲ್ಲಿ ರಾಜ್ಯದಲ್ಲಿ ಹತ್ತು ಹೊಸ ವಿಶ್ವವಿದ್ಯಾಲಯಗಳನ್ನು ಘೋಷಿಸಿದಾಗ ಹಳೆಯವುಗಳ ಹೊಟ್ಟೆ ಎಷ್ಟು ಕರಗುತ್ತದೆ ಎಂದು ಊರಿಗೆ ಯಾರು ಹೇಳಿದರು? 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಆ ಹತ್ತರಲ್ಲಿ ಒಂಬತ್ತನ್ನು ಮುಚ್ಚಲು ಶಿಫಾರಸು ಮಾಡಿತು, ಕೊಡಗೂ ಅದರಲ್ಲಿತ್ತು. ಮಡಿಕೇರಿ, ಕುಶಾಲನಗರದ ಮಕ್ಕಳು ಬೀದಿಗಿಳಿದರು. ತೆರೆಯುವಾಗಲೂ ಅವರನ್ನು ಕೇಳಲಿಲ್ಲ, ಮುಚ್ಚಲು ಹೊರಟಾಗಲೂ ಕೇಳಲಿಲ್ಲ.

ನಿಮ್ಮ ಮಗಳ ಅಕ್ಕಪಕ್ಕದ ಬ್ಯಾಚುಗಳನ್ನೇ ನೋಡಿ. 2021ರಲ್ಲಿ ಸೇರಿದವರಿಗೆ ರಾಷ್ಟ್ರೀಯ ಶಿಕ್ಷಣ ನೀತಿ, ನಾಲ್ಕು ವರ್ಷದ ಆನರ್ಸ್ ಆಸೆ. ದೇಶದಲ್ಲೇ ಮೊದಲು ಎಂಬ ಬಿರುದು ಬೇರೆ. 2024ರಲ್ಲಿ ಅದು ಹೋಗಿ ಮತ್ತೆ ಮೂರು ವರ್ಷ. ನಡುವೆ ಪ್ರವೇಶದಿಂದ ಫಲಿತಾಂಶದವರೆಗೆ ಎಲ್ಲವನ್ನೂ ಒಂದೇ ಸಾಫ್ಟ್‌ವೇರಿಗೆ ತುಂಬಿದರು, ಅದೇ ಯುಯುಸಿಎಂಎಸ್. ಸೆಮಿಸ್ಟರ್ ಮುಗಿದು ಮುಂದಿನ ಸೆಮಿಸ್ಟರ್ ಅರ್ಧಕ್ಕೆ ಬಂದರೂ ಹಿಂದಿನದರ ಅಂಕ ಕಾಣದೆ ಮಕ್ಕಳು ಮೊಬೈಲ್ ಒರೆಸುತ್ತ ಕೂತದ್ದು ಹೊಸ ಸುದ್ದಿಯೇನಲ್ಲ. ಕಾಲೇಜಿನವರು ವಿಶ್ವವಿದ್ಯಾಲಯ ಎಂದರು, ವಿಶ್ವವಿದ್ಯಾಲಯದವರು ಬೆಂಗಳೂರಿನ ಸಾಫ್ಟ್‌ವೇರ್ ಎಂದರು. ಸಾಫ್ಟ್‌ವೇರ್ ಮಾತಾಡುವುದಿಲ್ಲ.

ಮಣಿಪಾಲದಲ್ಲಿ ಹೀಗಿಲ್ಲವಲ್ಲ ಎಂದು ನಿಮ್ಮ ಅಣ್ಣ ಹೇಳಬಹುದು. ನಿಜ. 1953ರ ವೈದ್ಯಕೀಯ ಕಾಲೇಜಿನಿಂದ ಶುರುವಾಗಿ, 1993ರಲ್ಲಿ ಡೀಮ್ಡ್ ಆಗಿ, 2018ರಲ್ಲಿ ‘ಶ್ರೇಷ್ಠತಾ ಸಂಸ್ಥೆ’ಯ ಪಟ್ಟಿಗೆ ಆಯ್ಕೆಯಾದ ಮಾಹೆ ವಿಶ್ವವಿದ್ಯಾಲಯದಲ್ಲಿ ಕೆಲಸ ಗಡಿಯಾರದ ಪ್ರಕಾರ ನಡೆಯುತ್ತದೆ. ಆ ಮನೆಗೆ ಯಜಮಾನರಿದ್ದಾರೆ, ಸಂಜೆ ಮನೆಗೆ ಹೋಗುವ ಮುಂಚೆ ಲೆಕ್ಕ ನೋಡುವವರು. ಶುಲ್ಕ ಕಟ್ಟಿದವರು ಗ್ರಾಹಕರಂತೆ ಗದರಿಸಿ ಕೇಳಬಲ್ಲರು. ಆದರೆ ಅಲ್ಲಿ ಪ್ರವೇಶ ಬೇಕಾದರೆ ಮೊದಲು ಆ ಗ್ರಾಹಕರಾಗುವ ಶಕ್ತಿ ಬೇಕು. ನಿಮ್ಮ ಮಗಳು ಕಾರ್ಕಳದಲ್ಲಿ ಓದುವುದಕ್ಕೂ ಅಣ್ಣನ ಮಗ ಮಣಿಪಾಲದಲ್ಲಿ ಓದುವುದಕ್ಕೂ ಇರುವ ಕಾರಣ ನಿಮಗೇ ಗೊತ್ತು, ನಾನು ಬಿಡಿಸಿ ಹೇಳಬೇಕಿಲ್ಲ. ಖಾಸಗಿಯವರ ಚುರುಕನ್ನು ಕೊಣಾಜೆ ಕಲಿಯಲಿ, ತಪ್ಪಿಲ್ಲ. ಹಾಗೆಂದು ಅದನ್ನೇ ಖಾಸಗಿ ಮಾಡಿಬಿಡೋಣ ಎನ್ನುವವರು ಕಾಪುವಿನ ಸರಕಾರಿ ಪದವಿ ಕಾಲೇಜಿಗೆ ಬೆಳಗಿನ ಬಸ್ಸಿನಲ್ಲಿ ಬರುವ ಮಕ್ಕಳನ್ನು ಒಮ್ಮೆ ನೋಡಲಿ.

ದಾರಿ ಉಂಟೇ ಎಂದು ಕೇಳಿದಿರಿ. ಕಾಯ್ದೆ ತಿದ್ದಿ ಸೆನೆಟ್ ಮರಳಿ ತರುವುದು, ಕುಲಪತಿ ನಿವೃತ್ತಿಯಾಗುವ ಆರು ತಿಂಗಳು ಮೊದಲೇ ಶೋಧನಾ ಸಮಿತಿ ಕೂರಲೇಬೇಕೆಂದು ಕಡ್ಡಾಯ ಮಾಡುವುದು, ಸಿಂಡಿಕೇಟಿನಲ್ಲಿ ಆರಿಸಿ ಬಂದ ವಿದ್ಯಾರ್ಥಿಗೂ ಅಧ್ಯಾಪಕರಿಗೂ ಜಾಗ ಕೊಡುವುದು, ಇವೆಲ್ಲ ವಿಧಾನಸೌಧದಲ್ಲಿ ಆಗಬೇಕಾದ ಕೆಲಸ. ಅದಕ್ಕೆ ನಿಮ್ಮ ಹತ್ತಿರ ಒಂದು ಎಳೆ ಇದೆ. ಉಡುಪಿ ಜಿಲ್ಲೆಯ ಪದವೀಧರರಿಗೆ ಸೆನೆಟ್ ಇಲ್ಲ, ಆದರೆ ವಿಧಾನ ಪರಿಷತ್ತಿನಲ್ಲಿ ನೈರುತ್ಯ ಪದವೀಧರರ ಕ್ಷೇತ್ರ ಇದೆ, ಶಿಕ್ಷಕರ ಕ್ಷೇತ್ರ ಬೇರೆ. ಆರು ವರ್ಷಕ್ಕೊಮ್ಮೆ ಮತ ಕೇಳಲು ಬರುತ್ತಾರೆ. ವಿಶ್ವವಿದ್ಯಾಲಯದ ವಾರ್ಷಿಕ ವರದಿ ಸದನದ ಮುಂದೆ ಬಂದಾಗ ನೀವು ಎಷ್ಟು ಹೊತ್ತು ಮಾತಾಡಿದಿರಿ ಎಂದು ಕೇಳುವವರೇ ಇಲ್ಲದ ಕಾರಣ ಅವರೂ ಆರಾಮವಾಗಿದ್ದಾರೆ.

ವಿಧಾನಸೌಧಕ್ಕೆ ಕಾಯದೆ ಇವತ್ತೇ ಮಾಡಬಹುದಾದದ್ದೂ ಇದೆ. ಮಗಳ ಅಂಕದ ಬಗ್ಗೆ ಅನುಮಾನವಿದ್ದರೆ ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ನೋಡುವುದು ಅವಳ ಹಕ್ಕು ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಫಲಿತಾಂಶದ ವಿಳಂಬ, ತಡೆಹಿಡಿದ ದಾಖಲೆ, ಹಿಂದಿರುಗಿಸದ ಶುಲ್ಕ, ಇಂಥವುಗಳಿಗೆ ಯುಜಿಸಿಯ 2023ರ ನಿಯಮದಂತೆ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ಅದು ಹದಿನೈದು ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದರ ಮೇಲೆ ಮೇಲ್ಮನವಿ ಕೇಳಲು ವಿಶ್ವವಿದ್ಯಾಲಯಕ್ಕೊಬ್ಬ ಒಂಬುಡ್ಸ್‌ಪರ್ಸನ್ ಇರಬೇಕು, ಅವರಿಗೆ ಮೂವತ್ತು ದಿನ. ದೇಶದಾದ್ಯಂತ ಎಷ್ಟೋ ವಿಶ್ವವಿದ್ಯಾಲಯಗಳು ಇವರನ್ನು ನೇಮಿಸಲೇ ಇಲ್ಲವೆಂದು 2024ರಲ್ಲಿ ಯುಜಿಸಿಯೇ ಪಟ್ಟಿ ಹೊರಹಾಕಬೇಕಾಯಿತು. ಬರೀ ‘ಅಂಕ ಕಡಿಮೆ ಬಂತು, ಮತ್ತೆ ನೋಡಿ’ ಎಂದು ಅವರ ಹತ್ತಿರ ಹೋದರೆ ಆಗದು, ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ತೋರಿಸಬೇಕು.

ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ಮಾಹಿತಿ ಹಕ್ಕು ಕಾಯ್ದೆಯ ಒಂದು ಸಣ್ಣ ಕಲಮು. ಜನ ಅರ್ಜಿ ಹಾಕುವುದನ್ನಷ್ಟೇ ಬಲ್ಲರು. ಅರ್ಜಿಯೇ ಇಲ್ಲದೆ ಸಂಸ್ಥೆ ತಾನಾಗಿ ಪ್ರಕಟಿಸಬೇಕಾದ ಸಂಗತಿಗಳ ಪಟ್ಟಿ ನಾಲ್ಕನೇ ಸೆಕ್ಷನ್ನಿನಲ್ಲಿದೆ. ಅದರಲ್ಲೊಂದು ಹೀಗೆ: ಸಂಸ್ಥೆಯ ಮಂಡಳಿಗಳು, ಸಮಿತಿಗಳು ಯಾವುವು, ಅವುಗಳ ಸಭೆ ಸಾರ್ವಜನಿಕರಿಗೆ ತೆರೆದಿದೆಯೇ, ನಡಾವಳಿ ಸಾರ್ವಜನಿಕರಿಗೆ ಸಿಗುತ್ತದೆಯೇ ಎಂದು ತಿಳಿಸಬೇಕು. ಅಂದರೆ ನಿಮ್ಮ ಪ್ರಶ್ನೆಯನ್ನು 2005ರಲ್ಲಿ ಸಂಸತ್ತೇ ಕೇಳಿಟ್ಟಿದೆ. ಸಿಂಡಿಕೇಟಿನ ನಡಾವಳಿ ಸಭೆ ಮುಗಿದ ವಾರದೊಳಗೆ ಕನ್ನಡದಲ್ಲಿ ಊರ ಮುಂದೆ ಬರುವಂತಾದರೆ ಅರ್ಧ ಸುಧಾರಣೆ ಕಾಯ್ದೆ ತಿದ್ದದೆಯೇ ಆದಂತೆ. ಇದಕ್ಕೆ ರಾಜ್ಯಪಾಲರೂ ಬೇಡ, ಮುಖ್ಯಮಂತ್ರಿಯೂ ಬೇಡ. ಕುಲಪತಿ ಮನಸ್ಸು ಮಾಡಿದರೆ ಸಾಕು.

ಎಲ್ಲಿಂದ ಶುರುಮಾಡಲಿ ಎಂದರೆ ನಿಮ್ಮ ಮನೆಯ ಹತ್ತಿರದಿಂದಲೇ. ಕಾಪು ತಾಲೂಕಿನ ಬೆಳಪುವಿನಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಮತ್ತು ವಿಜ್ಞಾನ ಸಂಶೋಧನಾ ಕೇಂದ್ರಕ್ಕೆಂದು ಕಟ್ಟಡಗಳು ಎದ್ದು ನಿಂತಿವೆ. ಅದಕ್ಕೆ ಇದುವರೆಗೆ ಎಷ್ಟು ಖರ್ಚಾಗಿದೆ, ಯಾವ ಸಿಂಡಿಕೇಟ್ ಸಭೆ ಏನು ತೀರ್ಮಾನಿಸಿತು, ಪೂರ್ಣವಾಗುವ ದಿನ ಯಾವುದು, ಈ ಮೂರನ್ನು ಕೇಳಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಕನ್ನಡದಲ್ಲೇ ಬರೆಯಿರಿ, ಹಾಲಿನ ಸೊಸೈಟಿಯಲ್ಲಿ ಕೇಳುವ ಧಾಟಿಯಲ್ಲೇ ಬರೆಯಿರಿ. ಉತ್ತರ ಬಂದರೆ ಅದರ ಒಂದು ಪ್ರತಿ ನಮಗೂ ಕಳಿಸಿ, ಇದೇ ಪುಟದಲ್ಲಿ ಅಚ್ಚುಹಾಕುತ್ತೇವೆ. ಬಾರದಿದ್ದರೂ ಕಳಿಸಿ, ನೀವು ಅರ್ಜಿ ಹಾಕಿದ ತಾರೀಖನ್ನು ಅಚ್ಚುಹಾಕುತ್ತೇವೆ.